ಬಾಯಿ ಮೂಸುವ ಕೆಲಸ

"ಬಾಯಿ ತೆಗಿಯೋ, ಬೋಳಿಮಗನೆ. ಅಗಲಕ್ಕೆ ತೆಗಿ. ಒಳಗೇನು ಮುತ್ತು ಬಚ್ಚಿಟ್ಟಿದ್ದೀಯಾ?" ಅಂದ ಮ್ಯಾನೇಜರ್.

ನಾಲ್ಕನೇ ಗಾಡಿಯವನು ಬಾಯಿ ತೆಗೆದ. ಮೂಗಕ್ಕ ಒಂದು ಹೆಜ್ಜೆ ಮುಂದೆ ಬಂದು, ಅವನ ಬಾಯಿಯ ಹತ್ತಿರ ಮುಖ ಒಯ್ದು ಉಸಿರೆಳೆದುಕೊಂಡಳು. ಬೀಡಿ, ಈರುಳ್ಳಿ, ಹುಳುಕು ಹಲ್ಲು. ಡೀಸೆಲ್ ಇರಲಿಲ್ಲ.

"ಇಲ್ಲ," ಅಂದಳು.

"ಮುಂದಿನವನು."

ಹೀಗೆ ದಿನಾ ಸಂಜೆ ಹನ್ನೊಂದು ಬಾಯಿ. ಲಾರಿಗಳು ಅಂಗಳಕ್ಕೆ ಬಂದು ನಿಂತ ಮೇಲೆ ಡ್ರೈವರುಗಳು ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು. ಅವಳು ಒಬ್ಬೊಬ್ಬರದೇ ಮೂಸಿ ಇದೆ, ಇಲ್ಲ ಅನ್ನಬೇಕು. ಇಲ್ಲ ಅಂದರೆ ಮನೆಗೆ. ಇದೆ ಅಂದರೆ ಏನು ಅನ್ನುವುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಎರಡು ವಾರದಲ್ಲಿ ಅವಳು ಒಮ್ಮೆಯೂ ಇದೆ ಅಂದಿರಲಿಲ್ಲ.

ಲಾರಿಗಳು ಧಣಿಯವು. ಡೀಸೆಲ್ ಮಾತ್ರ ಲಾರಿಗಳನ್ನು ಬಾಡಿಗೆಗೆ ಹಿಡಿದಿದ್ದ ಕಾರ್ಖಾನೆಯದು. ಕಾರ್ಖಾನೆಯವರು ಕೊಟ್ಟ ಡೀಸೆಲ್ಲಿಗೂ ಲಾರಿ ಓಡಿದ ದೂರಕ್ಕೂ ತಾಳೆಯಾಗುತ್ತಿಲ್ಲ ಎಂದು ಒಂದು ಕಾಗದ ಬಂತು. ಧಣಿ ಕಾಗದ ಓದಿ ಬಹಳ ನೊಂದುಕೊಂಡ. ತನ್ನ ಅನ್ನ ತಿಂದವರೇ ಹೀಗೆ ಮಾಡುವುದೇ ಎಂದು ಡ್ರೈವರುಗಳನ್ನೆಲ್ಲ ಬಿಸಿಲಲ್ಲಿ ಕೂರಿಸಿ, ತಾನು ನೆರಳಲ್ಲಿ ನಿಂತು ಹೇಳಿದ. ಮಾರನೇ ದಿನ ಟ್ಯಾಂಕುಗಳಿಗೆ ಬೀಗದ ಮುಚ್ಚಳ ಬಂತು. ಬೀಗದ ಕೈ ಮ್ಯಾನೇಜರನ ಸೊಂಟಕ್ಕೆ. ಆಮೇಲೆ ಟ್ಯಾಂಕಿನ ಕತ್ತಿನೊಳಗೆ ಪೈಪು ಇಳಿಯದ ಹಾಗೆ ಕಬ್ಬಿಣದ ಜಾಲರಿ ಕೂರಿಸಿದರು. ಅದರ ಮೇಲೆ ತಂತಿಯ ಸೀಲು. ಕಡೆಗೆ ಕಂಬದ ಮೇಲೆ ಒಂದು ಕ್ಯಾಮೆರಾ. ಅದು ನೋಡುತ್ತಿದ್ದದ್ದು ಡ್ರೈವರುಗಳ ಪಾಯಿಖಾನೆಯ ಬಾಗಿಲನ್ನು.

ಇಷ್ಟಾದರೂ ತಾಳೆಯಾಗಲಿಲ್ಲ. ಆಗ ಮ್ಯಾನೇಜರನಿಗೆ ಹೊಳೆದದ್ದು ಮೂಗು. ಡೀಸೆಲ್ ಕದಿಯುವವನು ಪೈಪಿಗೆ ಬಾಯಿ ಹಾಕಿ ಎಳೆಯಲೇಬೇಕು, ಎಳೆದರೆ ಬಾಯಲ್ಲಿ ವಾಸನೆ ಉಳಿಯಲೇಬೇಕು. ಆದರೆ ಡ್ರೈವರುಗಳ ಬಾಯಿ ಮೂಸುವುದಕ್ಕೆ ಯಾರಾದರೂ ಬೇಕಲ್ಲ. ಅಂಗಳ ಗುಡಿಸಿ, ಚರಂಡಿ ಬಳಿದು, ಪಾಯಿಖಾನೆ ತೊಳೆಯುತ್ತಿದ್ದ ಹೆಂಗಸು ಅವನ ಕಣ್ಣಿಗೆ ಬಿದ್ದಳು.

"ನಿಮ್ಮ ಜನರ ಮೂಗು ಏನು ಕಂಡ್ರೂ ಸಿಂಡರಿಸಲ್ಲ. ಇದು ನಿಂಗೇ ಸರಿ," ಅಂದಿದ್ದ.

ಅವಳ ಗಂಡ ಇದೇ ಅಂಗಳದಲ್ಲಿ ಮೂರನೇ ಗಾಡಿ ಓಡಿಸುತ್ತಿದ್ದವನು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಸತ್ತ. ಧಣಿ ದೊಡ್ಡ ಮನಸ್ಸು ಮಾಡಿ ಹೆಂಡತಿಯ ಕೈಗೆ ಪೊರಕೆ ಕೊಟ್ಟಿದ್ದ. ಮೂರನೇ ಗಾಡಿಯನ್ನು ತಟ್ಟಿ ಸರಿಮಾಡಿಸಿ ಮತ್ತೆ ರಸ್ತೆಗೆ ಬಿಟ್ಟಿದ್ದರು. ಈಗ ಅದರ ಟ್ಯಾಂಕಿಗೆ ಬೀಗ, ಜಾಲರಿ, ಸೀಲು ಎಲ್ಲ ಹೊಸದು. ಬ್ರೇಕು ಹಳೆಯದೇ.

ಬಾಯಿ ಮೂಸತೊಡಗಿದ ಮೇಲೆ ಅವಳಿಗೆ ಯಾರೂ ಹೇಳದ ಸಂಗತಿಗಳೆಲ್ಲ ಗೊತ್ತಾದವು. ಎರಡನೇ ಗಾಡಿಯವನು ಹೆಂಡತಿಗೆ ಆಣೆ ಮಾಡಿಯೂ ಕುಡಿಯುತ್ತಾನೆ. ಒಂದನೇ ಗಾಡಿಯ ಅಜ್ಜನ ವಸಡು ಕೊಳೆಯುತ್ತಿದೆ. ಒಂಬತ್ತನೆಯವನು ಮಧ್ಯಾಹ್ನ ಉಂಡೇ ಇಲ್ಲ. ಹಸಿದ ಬಾಯಿಗೆ ಒಂದು ಬೇರೆಯೇ ಹುಳಿ ವಾಸನೆ. ಅವನಿಗಾಗಿ ತನ್ನ ಬುತ್ತಿಯಲ್ಲಿ ಅರ್ಧ ಉಳಿಸಿ ಗಾಡಿಯ ಸೀಟಿನ ಮೇಲೆ ಇಟ್ಟು ಬರುತ್ತಿದ್ದಳು. ಮೊದಲ ದಿನಗಳಲ್ಲಿ ಮುಖ ತಿರುಗಿಸುತ್ತಿದ್ದ ಡ್ರೈವರುಗಳು ಆಮೇಲಾಮೇಲೆ ಅವಳಿಗಾಗಿ ಬಾಯಿ ಮುಕ್ಕಳಿಸಿ ಬರತೊಡಗಿದರು. ಮೂಗಕ್ಕ ಅನ್ನುವ ಹೆಸರು ಕೊಟ್ಟವರೂ ಅವರೇ. ಬೈಗುಳವಾಗಿ ಹುಟ್ಟಿದ್ದು ವಾರ ಕಳೆಯುವಷ್ಟರಲ್ಲಿ ಸಲುಗೆಯಾಗಿತ್ತು.

ಏಳನೇ ಗಾಡಿ ಓಡಿಸುತ್ತಿದ್ದವನು ಅವಳ ಸ್ವಂತ ತಮ್ಮ.

ಆವತ್ತು ಅವನು ಬರುವಾಗಲೇ ತಡವಾಗಿತ್ತು. ಅಂಗಿಯ ಎದೆ ಒದ್ದೆ. ಸಾಲಿನ ಕೊನೆಗೆ ನಿಂತು ಬಾಯಿ ತೆಗೆದ. ಮೂಗಕ್ಕ ಬಗ್ಗುವ ಮೊದಲೇ ವಾಸನೆ ಬಂದು ಅವಳ ಮುಖಕ್ಕೆ ಬಡಿಯಿತು.

"ಏರಲ್ಲಿ ಗಾಡಿ ನಿಂತೋಯ್ತಕ್ಕ," ಅಂದ ಅವನು ಮೆಲ್ಲಗೆ. "ಜಾಲರಿ ಕೂರ್ಸೋಕೆ ಟ್ಯಾಂಕು ಕೊರೆದ್ರಲ್ಲ, ಆ ಕಬ್ಬಿಣದ ಪುಡಿಯೆಲ್ಲ ಇಂಜಿನ್ನಿಗೆ ಹೋಗೋ ಪೈಪಲ್ಲಿ ಕಟ್ಕೊಂಡಿದೆ. ಬಾಯಿ ಹಾಕಿ ಎಳೆದು ಉಗಿದೆ. ಇಲ್ಲಾಂದ್ರೆ ಗಾಡಿ ಹಿಂದಕ್ಕೆ ಜಾರ್ತಿತ್ತು."

ಮ್ಯಾನೇಜರ್ ಕುರ್ಚಿಯಿಂದ ಎದ್ದ. "ಏನದು ಗುಸುಗುಸು? ಇದೆಯೋ ಇಲ್ವೋ?"

ಇಲ್ಲ ಅಂದುಬಿಡಬಹುದಿತ್ತು. ಆದರೆ ನಾಲ್ಕು ಮಾರು ದೂರಕ್ಕೆ ಹೊಡೆಯುತ್ತಿದ್ದ ವಾಸನೆಯನ್ನು ಇಲ್ಲ ಅಂದರೆ ಅಕ್ಕ ತಮ್ಮ ಇಬ್ಬರೂ ಸೇರಿ ಕದ್ದ ಹಾಗಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಳಿಸಿಕೊಳ್ಳುತ್ತಾರೆ ಅಂದುಕೊಂಡಳು.

"ಇದೆ. ಆದ್ರೆ ಕದ್ದಿದ್ದಲ್ಲ ಸಾರ್. ಪೈಪು ಕಟ್ಕೊಂಡು..."

"ಮೂಗಿನ ಕೆಲಸ ವಾಸನೆ ಹೇಳೋದು. ಕತೆ ಹೇಳೋದಲ್ಲ."

"ಗಾಡಿ ಬಿಚ್ಚಿ ನೋಡಿ ಸಾರ್, ಪುಡಿ ಈಗಲೂ..."

"ಮುಚ್ಚೇ ಬಾಯಿ. ನಿಂದಲ್ಲ ತೆಗಿಯೋಕೆ ಹೇಳಿದ್ದು."

ಮ್ಯಾನೇಜರ್ ಒಂದು ಒರೆಸುವ ಬಟ್ಟೆ ತರಿಸಿದ. ಡೀಸೆಲ್ಲಿನಲ್ಲಿ ಅದ್ದಿಸಿದ. ತಮ್ಮನ ತಲೆಗೂದಲು ಹಿಡಿದು ಬಟ್ಟೆಯನ್ನು ಬಾಯಿಗೆ ತುರುಕಿದ.

"ರುಚಿ ಹತ್ತಿದೆಯಲ್ಲ ಸೂಳೆಮಗನಿಗೆ. ಚೀಪು. ನಿನ್ನ ಗಾಡಿಯ ಟ್ಯಾಂಕು ಕಾಯ್ಕೊಂಡು ಕೂತು ಚೀಪು. ಉಗಿದ್ರೆ ಪೊಲೀಸಿಗೆ ಕೊಡ್ತೀನಿ."

ತಮ್ಮ ಏಳನೇ ಗಾಡಿಯ ಚಕ್ರಕ್ಕೆ ಒರಗಿ ಕೂತ. ಕಣ್ಣಲ್ಲಿ ನೀರು ಬರುತ್ತಿತ್ತು, ಅಳುವಿನದಲ್ಲ, ಡೀಸೆಲ್ಲಿನದು. ಮನೆಗೆ ಹೊರಟಿದ್ದ ಹತ್ತು ಜನ ಡ್ರೈವರುಗಳು ನೆಲ ನೋಡುತ್ತ ನಿಂತರು. ಅಜ್ಜ ಒಬ್ಬ ಮಾತ್ರ "ಸಾಕು ಬಿಡಿ ಸಾರ್, ಮನುಷ್ಯ ಅವನೂ," ಅಂದ. ಅದಕ್ಕೆ ಮ್ಯಾನೇಜರ್, "ಅದನ್ನೇ ಮೂಸಿ ನೋಡ್ಬೇಕಿತ್ತು," ಅಂದು ನಕ್ಕ. ಅರ್ಧ ಗಂಟೆಯಾದ ಮೇಲೆ ತಮ್ಮನ ಲೈಸೆನ್ಸು ಕಿತ್ತುಕೊಂಡು ಗೇಟಿನ ಹೊರಗೆ ತಳ್ಳಿದರು. ಗೇಟು ತೆಗೆದು ಮುಚ್ಚುವ ಕೆಲಸವೂ ಅವಳದೇ.

ಮರುದಿನ ಬೆಳಿಗ್ಗೆ ಅವಳು ತಮ್ಮನ ಮನೆಗೆ ಗಂಜಿ ಒಯ್ದಳು. ಅವನ ತುಟಿ ಒಡೆದು ಬಾತುಕೊಂಡಿತ್ತು, ನಾಲಗೆಯ ತುಂಬ ಗುಳ್ಳೆ. ಅವನ ಹೆಂಡತಿ ಪಾತ್ರೆ ಇಸಿದುಕೊಳ್ಳಲಿಲ್ಲ.

"ನಿಮ್ಮ ಮೂಗಿಗೆ ಒಳ್ಳೇ ಹೆಸರು ಬಂತು ಅತ್ತಿಗೆ. ಇನ್ನೇನು, ಸಂಬಳ ಜಾಸ್ತಿ ಮಾಡ್ತಾರೆ."

ಮೂಗಕ್ಕ ಪಾತ್ರೆ ಹಿಡಿದು ಹೊಸ್ತಿಲಲ್ಲೇ ಕೂತಳು.

"ಅಕ್ಕನ್ನ ಬಯ್ಬೇಡ್ವೇ," ಅಂದ ತಮ್ಮ, ಮಾತು ತೊದಲುತ್ತಿತ್ತು. "ವಾಸನೆ ಇತ್ತು, ಹೇಳಿದ್ಲು." ಆಮೇಲೆ ಅಂದ, "ಒಂದು ಮಾತು ಯೋಚನೆ ಮಾಡಕ್ಕ. ಮೇಲ್ಗಡೆ ಇಷ್ಟೊಂದು ಬೀಗ ಹಾಕಿದ್ದಾರೆ. ಟ್ಯಾಂಕಿನ ತಳದಲ್ಲಿ ಕೊಳೆ ಬಸಿಯೋಕೆ ಒಂದು ತಿರುಪು ಇರುತ್ತೆ. ಸ್ಪ್ಯಾನರ್ ಇದ್ದೋನು ಅದನ್ನ ತಿರುಗಿಸಿ ಕ್ಯಾನು ಹಿಡಿದ್ರೆ ಆಯ್ತು. ಬಾಯಿ ಯಾಕೆ ಬೇಕು?"

ಅವಳು ಅಂಗಳಕ್ಕೆ ಬಂದು ಗುಡಿಸತೊಡಗಿದಳು. ಮೂರು ದಿನ ಗುಡಿಸಿದಳು. ಗಾಡಿ ತೊಳೆಯುವ ಶೆಡ್ಡಿನ ನೆಲದಲ್ಲಿ, ದಿನಕ್ಕೊಂದು ಗಾಡಿಯ ಕೆಳಗೆ, ಅಂಗೈ ಅಗಲದ ಎಣ್ಣೆಯ ಕಲೆ ಇರುತ್ತಿತ್ತು. ಅದರ ಮೇಲೆ ಯಾರೋ ಮರಳು ಉದುರಿಸಿರುತ್ತಿದ್ದರು. ಮೊದಲೂ ಅದನ್ನು ಗುಡಿಸಿದ್ದವಳು ಅವಳೇ. ಆಗ ಅದು ಬರೀ ಕಸ.

ನಾಲ್ಕನೇ ದಿನ ಊಟದ ಹೊತ್ತಿನಲ್ಲಿ ಪೊರಕೆ ಹಿಡಿದು ಶೆಡ್ಡಿನ ತಗಡಿನ ಹಿಂದೆ ನಿಂತಳು. ಬಿಳಿ ಅಂಗಿಯ ತೋಳು ಮಡಿಸಿಕೊಂಡು ಮ್ಯಾನೇಜರ್ ಐದನೇ ಗಾಡಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಕ್ಯಾನು. ಹಸುವಿನ ಕೆಚ್ಚಲ ಕೆಳಗೆ ಕೂತವನ ಹಾಗೆ ತಲೆ ವಾಲಿಸಿ ಧಾರೆಯ ಸದ್ದು ಕೇಳುತ್ತಿದ್ದ. ತಿರುಪು ಬಿಗಿಮಾಡಿ ಎದ್ದಾಗ ಅವಳನ್ನು ಕಂಡ. ಗಾಬರಿಯಾಗಲಿಲ್ಲ.

"ನೋಡಿದ್ಯಾ? ನೋಡ್ಕೋ. ಯಾರಿಗೆ ಹೇಳ್ತೀಯ, ಧಣಿಗಾ? ಅವರ ಮನೆ ಜನರೇಟರ್ ಏನು ಗಾಳಿ ಕುಡಿದು ಓಡುತ್ತೆ ಅಂದ್ಕೊಂಡಿದ್ದೀಯಾ?" ಕೈ ಒರೆಸಿಕೊಳ್ಳುತ್ತ ಅಂದ, "ಹೋಗು, ಮರಳು ತಂದು ಹಾಕು ಇದರ ಮೇಲೆ."

ಅವಳು ಮರಳು ತಂದು ಹಾಕಿದಳು. 

ಅದಾದ ವಾರಕ್ಕೆ ಕಾರ್ಖಾನೆಯಿಂದ ಸಾಹೇಬ ಬಂದ. ಡೀಸೆಲ್ ರಕ್ಷಣೆಗೆ ಧಣಿ ಏನೇನು ಮಾಡಿದ್ದಾನೆ ಎಂದು ನೋಡಿ ವರದಿ ಬರೆಯಬೇಕಿತ್ತು. ಅಂಗಳಕ್ಕೆ ನೀರು ಚಿಮುಕಿಸಿದ್ದರು. ಧಣಿ ಬೀಗ ತೋರಿಸಿದ, ಜಾಲರಿ ತೋರಿಸಿದ, ಸೀಲು ತೋರಿಸಿದ. ಸಾಹೇಬ ಎಲ್ಲವನ್ನೂ ಬೆರಳಲ್ಲಿ ತಟ್ಟಿ ತಲೆಯಾಡಿಸಿದ. ಬಾಗಿಲು ಮುಚ್ಚಿದ ಆಫೀಸಿನಲ್ಲಿ ಚಹಾ ಆಯಿತು. ಅಷ್ಟು ಹೊತ್ತೂ ಅವನ ಕಾರು ತೊಳೆಯುವ ಶೆಡ್ಡಿನೊಳಗೆ ನೆರಳಿಗೆ ನಿಂತಿತ್ತು. ಸಂಜೆ ಗಾಡಿಗಳೆಲ್ಲ ಬಂದ ಮೇಲೆ ಧಣಿ, "ಈಗ ನಮ್ಮ ಮುಖ್ಯವಾದ ಮಿಷನ್ ನೋಡಿ ಸಾರ್," ಅಂದ. "ಕರೆಂಟು ಬೇಡ, ರಿಪೇರಿ ಇಲ್ಲ. ಸ್ವಂತ ತಮ್ಮನ್ನೇ ಹಿಡಿದುಕೊಟ್ಟ ಮೂಗು ಇದು."

ಸಾಹೇಬನಿಗೆ ತಮಾಷೆಯೆನಿಸಿತು. "ಹೌದೇನಮ್ಮ? ಎಲ್ಲಿ, ತೋರಿಸು."

ಡ್ರೈವರುಗಳು ಸಾಲಾಗಿ ನಿಂತು ಬಾಯಿ ತೆಗೆದರು. ಏಳನೇ ಗಾಡಿಗೆ ಬೇರೊಬ್ಬ ಬಂದಿದ್ದ. ಮೂಗಕ್ಕ ಅಜ್ಜನಿಂದ ಶುರುಮಾಡಿದಳು. ಇಲ್ಲ. ಇಲ್ಲ. ಮೂರನೆಯವನು ಹೆದರಿ ಉಸಿರೇ ಬಿಡಲಿಲ್ಲ, ಅವನ ಭುಜ ತಟ್ಟಿ ಕಾದು ಮೂಸಿದಳು. ಇಲ್ಲ. ಹನ್ನೊಂದು ಆಯಿತು.

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಹನ್ನೊಂದನೆಯವನನ್ನು ದಾಟಿ ನಡೆದು ಮ್ಯಾನೇಜರನ ಮುಂದೆ ನಿಂತಳು. ಅವನ ಬಲಗೈ ಹಿಡಿದು ಎತ್ತಿ, ಬೆರಳುಗಳ ಸಂದಿಗೆ ಮೂಗು ಇಟ್ಟು, ದೀರ್ಘವಾಗಿ ಉಸಿರೆಳೆದುಕೊಂಡಳು. ಸಾಬೂನಿತ್ತು, ಸೆಂಟಿತ್ತು, ಅವುಗಳಡಿ ಡೀಸೆಲ್ಲೂ.

"ಇದೆ," ಅಂದಳು.

ಮ್ಯಾನೇಜರ್ ಕೈ ಕಿತ್ತುಕೊಂಡು ಅವಳ ಕೆನ್ನೆಗೆ ಬಾರಿಸಿದ. "ಹೊಲಸು ಮುಂಡೆ, ನನ್ನ ಮುಟ್ತೀಯಾ?"

"ದಿನಾ ಗಾಡಿ ಓಡಿಸೋರ ಬಾಯಿ ಮೂಸ್ತೀನಿ ಸಾರ್," ಅಂದಳು ಅವಳು, ಕೆನ್ನೆ ಮುಟ್ಟಿಕೊಳ್ಳದೆ. "ಬಸಿಯೋರ ಕೈ ಮೂಸೋಕೆ ಯಾರೂ ಹೇಳಿರ್ಲಿಲ್ಲ. ಟ್ಯಾಂಕಿನ ತಳದ ತಿರುಪು ನೋಡಿ ಸಾಹೇಬ್ರೆ. ಹನ್ನೊಂದು ಗಾಡೀದೂ ತಳವೆಲ್ಲ ತುಕ್ಕು ಹಿಡಿದಿದೆ, ಅದೊಂದು ತಿರುಪು ಮಾತ್ರ ಹೊಳೀತಿದೆ."

ಡ್ರೈವರುಗಳ ಸಾಲು ಅಲುಗಿತು. ಅಜ್ಜ ಮಂಡಿಯೂರಿ ತನ್ನ ಗಾಡಿಯ ಕೆಳಗೆ ಬಗ್ಗಿ ನೋಡಿದ. ಹೊಳೆಯುವ ತಿರುಪಿನ ಮೇಲೆ ಬೆರಳಿಟ್ಟು ಹಾಗೆಯೇ ಕೂತುಬಿಟ್ಟ.

ಧಣಿ ನಕ್ಕ. ಎರಡೂ ಕೈ ಪ್ಯಾಂಟಿನ ಜೇಬಿನೊಳಗಿದ್ದವು. "ಗಂಡ ಸತ್ತಾಗಿಂದ ಇವಳಿಗೆ ತಲೆ ಅಷ್ಟು ಸರಿ ಇಲ್ಲ ಸಾರ್. ಪಾಪ ಅಂತ ಇಟ್ಕೊಂಡಿದ್ದೀನಿ."

ಸಾಹೇಬ ಬಗ್ಗಿ ತಿರುಪು ನೋಡಲಿಲ್ಲ. ಗಡಿಯಾರ ನೋಡಿದ. "ವ್ಯವಸ್ಥೆ ತೃಪ್ತಿಕರವಾಗಿದೆ," ಅಂದ, ಕಾಗದದಲ್ಲಿ ಬರೆದಿಟ್ಟದ್ದನ್ನು ಓದುವವನ ಹಾಗೆ. ಕಾರು ತರಿಸಿದ.

ಕಾರು ಶೆಡ್ಡಿನಿಂದ ಬಂದು ಸಾಹೇಬನನ್ನು ಹತ್ತಿಸಿಕೊಂಡು ಗೇಟಿನ ಮುಂದೆ ನಿಂತಿತು. ಹಾರನ್ ಹೊಡೆಯಿತು. ಮೂಗಕ್ಕ ಅಗುಳಿ ತೆಗೆಯಲು ಹೋದವಳು ಕಾರಿನ ಹಿಂಭಾಗದ ಹತ್ತಿರ ನಿಂತುಬಿಟ್ಟಳು. ಬಗ್ಗಿದಳು. ಡಿಕ್ಕಿಯ ಸಂದಿಯಲ್ಲಿ ಉಸಿರೆಳೆದುಕೊಂಡಳು.

"ಇದ್ರಲ್ಲೂ ಇದೆ," ಅಂದಳು.

"ಗೇಟು ತೆಗಿಯೇ!" ಎಂದು ಧಣಿ ಕೂಗಿದ. ಅವನ ನಗು ಮುಗಿದಿತ್ತು.

"ತೆಗೀತೀನಿ ಧಣಿ. ನೀವೇ ಮಾಡಿದ ನಿಯಮ. ಇಲ್ಲ ಅಂದ್ರೆ ಮನೆಗೆ. ನಾನು ಇದೆ ಅಂತಿದ್ದೀನಿ." ಅಗುಳಿಗೆ ಬೆನ್ನು ಕೊಟ್ಟು ನಿಂತಳು. "ಡಿಕ್ಕಿ ತೆಗೆದು ತೋರಿಸ್ಲಿ."

ಮ್ಯಾನೇಜರ್ ಅವಳ ಕಡೆ ನುಗ್ಗಿದ. ನಾಲ್ಕನೇ ಗಾಡಿಯವನು ಅಡ್ಡ ಬಂದ. ಅವನ ಪಕ್ಕಕ್ಕೆ ಒಂಬತ್ತನೆಯವನು ಬಂದ. ಉಳಿದವರು ಅಲ್ಲೇ ನಿಂತಿದ್ದರು, ಆದರೆ ಈ ಸಲ ನೆಲ ನೋಡುತ್ತಿರಲಿಲ್ಲ. ಸಾಹೇಬ ಹಿಂದಿನ ಸೀಟಿನಿಂದ ಕೈ ಚಾಚಿ ತಾನೇ ಹಾರನ್ ಒತ್ತಿದ. ಬಿಡದೆ ಒತ್ತಿದ.

ಸಾಹೇಬನ ಡ್ರೈವರ್ ಅಲ್ಲಿಯವರೆಗೆ ಯಾರ ಕಡೆಯೂ ನೋಡದೆ ಕೂತಿದ್ದ ನಡುವಯಸ್ಸಿನ ಮನುಷ್ಯ. ಅವನು ಇಂಜಿನ್ ಆರಿಸಿದ. ಬೀಗದ ಕೈ ಎಳೆದುಕೊಂಡು ಕೆಳಗಿಳಿದ.

"ಏಯ್, ಎಲ್ಲಿಗೆ ಹೋಗ್ತಿದ್ದೀಯ? ಗಾಡಿ ಹತ್ತು," ಅಂದ ಸಾಹೇಬ ಒಳಗಿನಿಂದ.

ಡ್ರೈವರ್ ಬಾಗಿಲು ಹಾಕಿದ. ಕಾರನ್ನು ಬಳಸಿಕೊಂಡು ಹಿಂದಕ್ಕೆ ನಡೆದು ಬಂದ. ಬೀಗದ ಕೈ ಹಿಡಿದು ಡಿಕ್ಕಿಯ ಕಡೆಗೆ ಬಗ್ಗಿದ.