ಕನ್ನಡಿಗಿಟ್ಟ ಬೊಟ್ಟು

ಬಲಕ್ಕೆ ಜಾರ್ತಿದೆ ಅಂದ್ರೆ ಎಡಕ್ಕೆ ತಳ್ಳಬೇಕು ಕಣೇ, ದುರ್ಬೀನಿನೊಳಗೆ ಲೋಕವೇ ತಲೆಕೆಳಗು, ಎಷ್ಟು ಸಲ ಹೇಳಲಿ — ಹೇಳ್ತಾರೆ, ಸೇತುರಾಮರಿಗೇನು, ಬೆತ್ತದ ಕುರ್ಚಿಯಲ್ಲಿ ಮಫ್ಲರ್ ಸುತ್ಕೊಂಡು ಕೂತು ಹೇಳೋದು ಸುಲಭ, ಸ್ಟೂಲು ಹತ್ತಿ ಕತ್ತು ಹೊರಳಿಸಿಕೊಂಡು ನಿಂತಿರೋಳು ಪಂಕಜಾ ತಾನೆ, ಅರವತ್ತೈದು ವರ್ಷದ ಮಂಡಿ, ಕೆಳಗೆ ಒಗೆಯೋ ಕಲ್ಲಿನ ಪಾಚಿ, ಜಾರಿದರೆ ಶನಿಮಹಾತ್ಮ ಬಂದು ಎತ್ತುತ್ತಾನಾ, ಹೆಂಡತಿ ಸ್ಟೂಲಿನ ಮೇಲೆ ಗಂಡ ಕುರ್ಚಿಯ ಮೇಲೆ, ಮದುವೆಯಾದಾಗಿನಿಂದ ಇದೊಂದು ಬಾಕಿಯಿತ್ತು ನೋಡಿ. ಹಿತ್ತಿಲು ಅಂತ ಹೆಸರಿಗೆ, ಆಚೆ ಒಂದು ಅಪಾರ್ಟ್‌ಮೆಂಟು ಈಚೆ ಒಂದು ಅಪಾರ್ಟ್‌ಮೆಂಟು, ನಡುವೆ ಒಣಹಾಕಿದ ಸೀರೆಯಷ್ಟಗಲ ಆಕಾಶ, ಅದರಲ್ಲೂ ಅರ್ಧಕ್ಕೆ ತೆಂಗಿನ ಗರಿ. ಇಪ್ಪತ್ತು ದಿನದಿಂದ ಮೋಡ, ಜಯನಗರದ ನವೆಂಬರ್ ಅಂದ್ರೆ ಹಿಂಡಿದ ಬಟ್ಟೆ ಹಾಗೆ, ಇವತ್ತು ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಅದು ಬಿರಿದಿದೆ, ಆ ಬಿರುಕಲ್ಲಿ ಒಂದು ಹಳದಿ ಚುಕ್ಕಿ, ಅದೇ ಶನಿ ಕಣೇ, ಮಿನುಗ್ತಾ ಇಲ್ಲ ತಾನೆ, ಹಾಗಾದ್ರೆ ಅದೇ, ಬೇಗ, ಇನ್ನು ಅರ್ಧ ಗಂಟೇಲಿ ಆ ಬಿಲ್ಡಿಂಗಿನ ಹಿಂದೆ ಹೋಗಿಬಿಡುತ್ತೆ, ನಾಳೆ ಹತ್ತಕ್ಕೆ ಗೌರೀಶಂಕರ ಬಂದು ಕನ್ನಡಿ ಬಿಚ್ಕೊಂಡು ಹೋಗ್ತಾನೆ, ಆಮೇಲೆ ಮುಗೀತು. ಮುಗೀತು ಅನ್ನುವಾಗ ಅವರ ಮುಖ ದಾಳಿಂಬೆ ಗಿಡದ ಕಡೆಗಿತ್ತು, ಅಂದರೆ ಅವರು ನೋಡುತ್ತಿದ್ದದ್ದು ಅವಳನ್ನೇ — ಎರಡು ವರ್ಷದಿಂದ ಕಣ್ಣಿನ ನಡುಭಾಗ ಸವೆದುಹೋಗಿದೆ ಅವರಿಗೆ, ನೇರ ನೋಡಿದರೆ ಬರೀ ಮಬ್ಬು, ಪಕ್ಕಕ್ಕೆ ನೋಡಿದರೆ ಓರೆಗಣ್ಣಿಗೆ ಅಷ್ಟಿಷ್ಟು ಸಿಗುತ್ತೆ, ಎದುರುಮನೆಯಾಕೆ ಒಂದು ದಿನ ಕೇಳಿಯೇಬಿಟ್ಟಳು, ಯಾಕ್ ಆಂಟಿ, ಅಂಕಲ್ ಮಾತಾಡ್ವಾಗ ನಮ್ಮ ಗೇಟು ನೋಡ್ತಾರಲ್ಲಾ, ಗೇಟು ಸರಿಯಿಲ್ವಾ ಅಂತ.

ಫೋಟೋ ಬೇಕಂತೆ. ಕಣ್ಣಿಟ್ಟು ನೋಡಿದರೆ ಕಾಣೋದಿಲ್ಲ, ಫೋನಲ್ಲಿ ತೆಗೆದುಕೊಟ್ಟರೆ ಊದಿಸಿ ಊದಿಸಿ ಓರೆಯಲ್ಲಾದರೂ ನೋಡಿಯೇನು, ಈ ವರ್ಷ ಬಳೆಯಿಲ್ಲದ ಶನಿ ಪಂಕಜಾ, ಬಳೆಯ ಅಂಚು ನಮ್ಮ ಕಡೆ ತಿರುಗಿ ಕೂದಲೆಳೆ ಆಗಿರುತ್ತೆ, ಹದಿನಾಲ್ಕು ಹದಿನೈದು ವರ್ಷಕ್ಕೊಂದು ಸಲ, ತೊಂಬತ್ತೈದರಲ್ಲಿ ನೋಡಿದೆ, ಆಮೇಲೊಂದು ಸಲ ನೋಡಿದೆ, ಇನ್ನೊಂದು ಬರೋವಾಗ ನನಗೆ ಎಂಬತ್ತೈದು, ಅಂತ ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಾ ಲೆಕ್ಕ ಹೇಳಿ, ತಟ್ಟೆಯಲ್ಲಿ ಇಲ್ಲದ ಗೋಡಂಬಿಗೆ ಬೆರಳಾಡಿಸಿ, ಒಂದೇ ಒಂದು ಸಲ ಮುಟ್ತೀಯಾ, ಅಂದರು. ಏನನ್ನ ಅಂತ ಅವಳು ಕೇಳಲಿಲ್ಲ. ಈ ಮನೆಯಲ್ಲಿ ಅವಳು ಮುಟ್ಟದ ವಸ್ತು ಒಂದೇ, ಬೆಳ್ಳಿಬಣ್ಣ ಬಳಿದ ಈ ತಗಡಿನ ಕೊಳವೆ, ಚಿಕ್ಕಪೇಟೆಯಲ್ಲಿ ಟ್ರಂಕು ಮಾಡೋ ಸಾಬರು ಸುರುಳಿ ಸುತ್ತಿ ಕೊಟ್ಟದ್ದು, ಏನ್ ಸಾರ್, ಇಷ್ಟುದ್ದ ಟ್ರಂಕಲ್ಲಿ ಏನು ಹಾವು ಇಡ್ತೀರಾ ಅಂತ ಕೇಳಿದರಂತೆ. ಕನ್ನಡಿ ಮಾತ್ರ ಇದೇ ಹಿತ್ತಿಲಲ್ಲಿ ಹುಟ್ಟಿದ್ದು. ಅವಳು ಸೊಸೆಯಾಗಿ ಬಂದ ಹೊಸತು, ತಟ್ಟೆಯಷ್ಟಗಲದ ಎರಡು ದಪ್ಪ ಗಾಜು, ಟಾರಿನ ಡ್ರಮ್ಮು, ನಡುವೆ ಗಾಜು ಸವೆಸೋ ಪುಡಿ, ನೀರು, ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯೂಟಿ ಮುಗಿಸಿ ಬಂದವರೇ ಪಂಚೆ ಎತ್ತಿಕಟ್ಟಿ ಗಾಜಿನ ಮೇಲೆ ಗಾಜು ಉಜ್ಜುತ್ತಾ ಡ್ರಮ್ಮಿನ ಸುತ್ತ ಸುತ್ತೋದು, ಕರ್ರ್ ಕರ್ರ್, ಜೊತೆಗೆ ಇವರ ಸ್ನೇಹಿತ ಆ ಗೌರೀಶಂಕರ, ಇವರು ದಣಿದರೆ ಅವನು, ಅವನು ದಣಿದರೆ ಇವರು, ಅತ್ತೆ ಗೌರಮ್ಮ ಒಳಗಿಂದ, ನೋಡೇ ಪಂಕಜಾ, ಸೋಮವಾರ ಈಶ್ವರನಿಗೆ ಮೂರು ಸುತ್ತು ಬಾರೋ ಅಂದ್ರೆ ಕಾಲು ನೋವು ಅಂತಾನೆ, ಡ್ರಮ್ಮಿಗೆ ನೋಡು ಲಕ್ಷ ಪ್ರದಕ್ಷಿಣೆ. ಅತ್ತೆ ಹೋಗಿ ಇಪ್ಪತ್ತೆರಡು ವರ್ಷ, ಆ ದನಿ ಈಗಲೂ ಒಗ್ಗರಣೆ ಸಿಡಿದ ಹಾಗೆ ಕಿವಿಯಲ್ಲಿದೆ. ಐದು ತಿಂಗಳು ಉಜ್ಜಿದರು, ಬೆಳ್ಳಿ ಹಾಗೆ ಹೊಳೆಯೋ ಲೇಪ ಎಲ್ಲೋ ಕಳಿಸಿ ಹಾಕಿಸಿದರು, ಧೂಮಕೇತು ಬರೋ ಹೊತ್ತಿಗೆ ಸರಿಯಾಗಿ ಕನ್ನಡಿ ತಯಾರು, ಅದರಲ್ಲಿ ಅವಳ ಮುಖ ತಲೆಕೆಳಗಾಗಿ ಕಂಡದ್ದು, ಇವರು ಹಿಂದಿನಿಂದ ಬಂದು, ನೋಡಿಕೋ, ನಿನಗೆ ಒಡವೆ ಮಾಡಿಸಲಿಲ್ಲ ಅಂತೀಯಲ್ಲ, ಇದಕ್ಕಿಂತ ಒಡವೆ ಬೇಕಾ. ಬೇಕು ಅಂದಿದ್ದಳು. ನಕ್ಕಿದ್ದರು. ಆಗೆಲ್ಲ ನಗ್ತಿದ್ದರು ಇಬ್ಬರೂ.

ಏನಾಯ್ತೇ, ಸಿಕ್ತಾ — ಇರೀ ಸ್ವಲ್ಪ, ಈಗಷ್ಟೇ ಇತ್ತು, ಗರಿ ಅಡ್ಡ ಬಂತು, ಗಾಳಿಗೆ ಗರಿ ಸರಿದರೆ ಚುಕ್ಕಿ, ಸರಿದು ಬಂದರೆ ಕತ್ತಲು — ಆ ವರ್ಷದ ಆಯುಧಪೂಜೆ, ಅಯ್ಯೋ, ನೆನೆಸಿಕೊಂಡರೆ ಇವತ್ತಿಗೂ ಕೆನ್ನೆ ಬಿಸಿ. ಇವರು ಎಕ್ಸ್‌ಚೇಂಜಿನ ಪೂಜೆಗೆ ಹೋಗಿದ್ದರು, ಮನೆಯ ಪೂಜೆ ಹೊಸ ಸೊಸೆಯ ಪಾಲಿಗೆ. ಸೈಕಲ್ಲು, ಹೊಲಿಗೆ ಮಿಷನ್ನು, ಈಳಿಗೆಮಣೆ, ಸ್ಪ್ಯಾನರು, ರೇಡಿಯೋ, ಎಲ್ಲಕ್ಕೂ ತೊಳೆದು ಗಂಧ ಕುಂಕುಮ ಸೇವಂತಿಗೆ ಹೂವು, ಕೊನೆಗೆ ದುರ್ಬೀನು. ಕೊಳವೆಗೆ ಬೊಟ್ಟಿಟ್ಟಳು. ಇಟ್ಟು ಯೋಚಿಸಿದಳು, ಅದೇ ತಪ್ಪು, ಯೋಚಿಸಬಾರದಿತ್ತು. ಈಳಿಗೆಮಣೆಗೆ ಕುಂಕುಮ ಇಡೋದು ಮಣೆಗಲ್ಲ, ಅಲಗಿಗೆ. ಹೊಲಿಗೆ ಮಿಷನ್ನಿಗೆ ಸೂಜಿಯ ಹತ್ತಿರ. ಹಾಗಾದರೆ ಇದರ ಅಲಗು ಯಾವುದು, ಕೊಳವೆಯೇ, ಅಲ್ಲ, ಒಳಗಿರೋ ಕನ್ನಡಿ, ಐದು ತಿಂಗಳು ಡ್ರಮ್ಮು ಸುತ್ತಿದ್ದು ಅದಕ್ಕಲ್ಲವೇ. ಹಿಂದಿನ ತಿರುಪು ಬಿಚ್ಚಿ, ಕನ್ನಡಿ ಹೊರತೆಗೆದು, ಉಂಗುರದ ಬೆರಳಲ್ಲಿ ಒದ್ದೆ ಕುಂಕುಮ, ನಟ್ಟನಡುವೆ ಇಡಬೇಕು ಅಂತಲೇ ಹೋದದ್ದು, ಕೈ ಅಳುಕಿ ಒಂದು ಬೆರಳಿನಷ್ಟು ಪಕ್ಕಕ್ಕೆ ಹೋಯ್ತು. ಎಷ್ಟು ಚೆನ್ನಾಗಿ ಕಂಡಿತ್ತು, ಹಣೆಯ ಹಾಗೆ. ಅತ್ತೆ ಆರತಿ ಎತ್ತಿ, ಭೇಷ್ ಅಂದರು. ಮನೆಯಲ್ಲೇ ಅರಿಶಿನಕ್ಕೆ ಸುಣ್ಣ ಹಾಕಿ ಮಾಡಿದ ಕುಂಕುಮ, ಸುಣ್ಣ ಆ ಲೇಪವನ್ನ ತಿನ್ನುತ್ತೆ ಅಂತ ಅತ್ತೆಗೂ ಗೊತ್ತಿಲ್ಲ ಸೊಸೆಗೂ ಗೊತ್ತಿಲ್ಲ. ಮಾರನೇ ದಿನ ಇವರು ತೊಳೆದರೆ ಕೆಂಪು ಹೋಯ್ತು, ಬೊಟ್ಟು ಹೋಗಲಿಲ್ಲ, ಬಟಾಣಿ ಕಾಳಿನಷ್ಟು ಜಾಗದಲ್ಲಿ ಹೊಳಪೇ ಇಲ್ಲ, ಬರಿ ಗಾಜು. ಬುದ್ಧಿ ಇದೆಯೇನೇ ನಿನಗೆ, ಇದೇನು ರುಬ್ಬುಗುಂಡು ಅಂದ್ಕೊಂಡ್ಯಾ — ಅತ್ತೆಯ ಎದುರು, ಆ ಗೌರೀಶಂಕರನ ಎದುರು, ಅವನು ಕಾಫಿ ಲೋಟ ಹಿಡಿದು ಅತ್ತ ಇತ್ತ ನೋಡಿದ್ದು. ಬೈದದ್ದು ಒಂದೇ ಸಲ. ಆಮೇಲೆ ರಾತ್ರಿ, ಸಾರಿ ಅಂದರೋ ಏನೋ, ಗೋಡೆಗೆ ತಿರುಗಿ ಮಲಗಿದ್ದವಳಿಗೆ ಕೇಳಲಿಲ್ಲ, ಕೇಳಿದರೂ ಕೇಳಲಿಲ್ಲ. ಇನ್ನು ನಿಮ್ಮ ಕೊಳವೆ ಮುಟ್ಟಿದ್ರೆ ನಾನು ಅರಸೀಕೆರೆ ಶಾಮಣ್ಣನ ಮಗಳೇ ಅಲ್ಲ.

ಮೂವತ್ತೊಂಬತ್ತು ವರ್ಷ. ಮುಟ್ಟಲಿಲ್ಲ, ಇಣುಕಲಿಲ್ಲ. ಗಣಪತಿ ಹಾಲು ಕುಡಿದ ವರ್ಷವೇ ಶನಿಯ ಬಳೆ ಮಾಯವಾದದ್ದು, ಆ ತಿಂಗಳು ದೇವಸ್ಥಾನದ ಮುಂದೆ ಚಮಚ ಹಿಡಿದು ನಿಂತಿದ್ದ ಬೀದಿಯ ಜನವೇ ಮುಂದಿನ ತಿಂಗಳು ಈ ಹಿತ್ತಿಲಲ್ಲಿ ಸಾಲು, ಕಾಂಪೌಂಡಿನವರೆಗೆ, ಸಾರ್ ಬಳೆ ಒಡೆದು ಹೋಯ್ತಾ ಸಾರ್, ಶನಿ ವಿಧವೆ ಆದ್ನಾ ಸಾರ್, ಇವರು ನಕ್ಕು ನಕ್ಕು ಎಲ್ಲರಿಗೂ ತೋರಿಸಿದ್ದು, ಮಗಳು ಮೈತ್ರೇಯಿ ಇದೇ ಸ್ಟೂಲಿನ ಮೇಲೆ ನಿಂತು ಅಮ್ಮಾ ನೀನೂ ಬಾರಮ್ಮ, ಅತ್ತೆ ನಡುವೆ ಬಾಯಿ ಹಾಕಿ, ಮನೆ ಹೆಂಗಸರು ಶನೀನ ನೋಡಬಾರದು, ಏಳೂವರೆ ವರ್ಷ ಹಿಡ್ಕೋತಾನೆ, ಅಂದದ್ದೇ ಒಳ್ಳೆಯದಾಯ್ತು, ನೆಪ ಸಿಕ್ಕಿತು, ಅವಳು ಮೂವತ್ತು ಲೋಟ ಕಾಫಿ ಮಾಡಿ ಬಾಗಿಲಿನಿಂದಲೇ ಕೊಟ್ಟಳು. ಗೌರೀಶಂಕರ ಪ್ರತಿ ಯುಗಾದಿಗೆ ಬಂದಾಗಲೂ ಒಂದೇ ರಾಗ, ಲೋ ಸೇತೂ, ಲೇಪ ಸತ್ತುಹೋಗಿದೆ ಕಣೋ, ಹತ್ತು ವರ್ಷಕ್ಕೊಂದು ಸಲ ಹೊಸದು ಹಾಕಿಸಬೇಕು, ಆ ತೂತು ಬೇರೆ, ಕೊಡೋ ನಾನು ಮಾಡಿಸ್ತೀನಿ. ಮುಂದಿನ ವರ್ಷ ಅಂತ ಇವರು. ಆ ಮುಂದಿನ ವರ್ಷ ಬರಲೇ ಇಲ್ಲ, ಅವಳಿಗೆ ಗೊತ್ತಿತ್ತು ಯಾಕಂತ, ಅವಳ ತಪ್ಪು ಅಳಿಸಿಹೋಗಬಾರದು ಅಂತ, ಇನ್ನೇನು, ಮನೆಯ ಗೋಡೆಗೆ ಸರ್ಟಿಫಿಕೇಟು ನೇತುಹಾಕಿದ ಹಾಗೆ. ಈಗ ಕಣ್ಣೇ ಹೋದ ಮೇಲೆ ಅವರಾಗಿಯೇ ಗೌರೀಶಂಕರನಿಗೆ ಫೋನು ಮಾಡಿ, ತಗೊಂಡು ಹೋಗೋ, ಹೊಸ ಲೇಪ ಹಾಕಿಸಿ ನಿಮ್ಮ ಸಂಘದ ಮಕ್ಕಳಿಗೆ ಇಟ್ಕೋ, ಅಂದಿದ್ದು. ಅಂದು ಫೋನಿಟ್ಟು ಬಹಳ ಹೊತ್ತು ದಾಳಿಂಬೆ ಗಿಡಕ್ಕೆ ಮುಖ ಮಾಡಿ ಕೂತಿದ್ದು.

ಅಯ್ಯೋ ಬಂತು, ಬಂತು ರೀ — ಮೈತ್ರೇಯಿ ತಂದುಕೊಟ್ಟ ಕ್ಲಿಪ್ಪಿನಲ್ಲಿ ದುರ್ಬೀನಿಗೆ ಕಚ್ಚಿಕೊಂಡ ಫೋನಿನ ಪರದೆ ತುಂಬಾ ಏನೋ ಬೆಳಕು, ಚುಕ್ಕಿಯಲ್ಲ, ದೋಸೆ, ದೊಡ್ಡ ಮಸುಕು ದೋಸೆ, ನಟ್ಟನಡುವೆ ಕಪ್ಪು ದುಂಡು, ಅದರ ಪಕ್ಕದಲ್ಲೇ ಇನ್ನೊಂದು, ಸಣ್ಣದು, ಬಟಾಣಿ ಕಾಳಿನ ಹಾಗೆ. ರೀ ಇದು ಶನಿಯಲ್ಲ ರೀ, ಏನೋ ಕಪ್ಪು ಕಪ್ಪು ಇದೆ, ಲೆನ್ಸಿಗೆ ಹುಳ ಕೂತಿದೆಯೋ ಏನೋ. ಕುರ್ಚಿ ಕಿರ್ರೆಂದಿತು. ಎಷ್ಟಿದೆ ಕಪ್ಪು, ಒಂದಾ ಎರಡಾ. ಎರಡು ರೀ, ನಡುವೆ ದೊಡ್ಡದು, ಪಕ್ಕದಲ್ಲೊಂದು ಚಿಕ್ಕದು. ದೊಡ್ಡದು ಕೊಳವೆಯೊಳಗಿನ ಪುಟ್ಟ ಕನ್ನಡೀದು ನೆರಳು, ಚಿಕ್ಕದು — ಚಿಕ್ಕದು ನಿನ್ನ ಬೊಟ್ಟು ಕಣೇ. ಇನ್ನೂ ಫೋಕಸ್ ಆಗಿಲ್ಲ, ಅದಕ್ಕೆ ಕಾಣ್ತಿದೆ. ನಾನು ಯಾವತ್ತೂ ಹಾಗೇ ಶುರು ಮಾಡ್ತಿದ್ದೆ, ಮೊದಲು ನಿನ್ನ ಬೊಟ್ಟು, ಆಮೇಲೆ ಗುರುವೋ ಶುಕ್ರನೋ ಯಾರಾದ್ರೂ. ಈಗ ತಿರುಪು ತಿರುಗಿಸು, ಮೆತ್ತಗೆ, ಒಲೆ ಸಿಮ್ ಮಾಡ್ದಂಗೆ. ಬೆರಳು ತಿರುಪಿನ ಮೇಲೆ ಹಾಗೇ ನಿಂತಿತು. ಯಾವತ್ತೂ ಅಂದರೆ ಯಾವತ್ತಿನಿಂದ, ಅಂತ ಕೇಳಬೇಕು, ಕೇಳಬಾರದು, ಮೂವತ್ತು ಲೋಟ ಕಾಫಿ ಬಾಗಿಲಿನಿಂದಲೇ, ಅಮ್ಮಾ ನೀನೂ ಬಾರಮ್ಮ, ಎಷ್ಟು ಸಂಜೆ, ಇವರು ಇಲ್ಲಿ ಒಬ್ಬರೇ ಇದನ್ನ — ಏನಾಯ್ತೇ, ತಿರುಗಿಸ್ತಾ ಇದೀಯಾ — ಹೂಂ, ತಿರುಗಿಸ್ತಿದೀನಿ. ದೋಸೆ ಚಿಕ್ಕದಾಯ್ತು, ಪೂರಿಯಾಯ್ತು, ನಿಪ್ಪಟ್ಟಾಯ್ತು, ಕಪ್ಪುಗಳು ಕರಗಿದವು, ಥಟ್ಟನೆ ಒಂದು ಹಳದಿ ಗುಂಡು, ತಾಳಿಯ ಪಕ್ಕದ ಗುಂಡಿನಷ್ಟು, ಅದರ ನಡುವೆ ಹಾದುಹೋದ ಒಂದು ಎಳೆ, ದಾರದಂಥದು, ಅಯ್ಯೋ ಎಷ್ಟು ಚಂದ, ಇದನ್ನ ನಾನು ಇಷ್ಟು ವರ್ಷ — ಬೊಟ್ಟು ಎಲ್ಲಿ ಹೋಯ್ತು ರೀ. ಎಲ್ಲೂ ಹೋಗಿಲ್ಲ, ಕನ್ನಡೀಲೇ ಇದೆ, ಕಾಣೋದಿಲ್ಲ ಅಷ್ಟೇ, ಬೆಳಕು ಒಂದು ಚೂರು ಕಮ್ಮಿಯಾಗುತ್ತೆ, ಚಿತ್ರ ಪೂರ್ತೀನೇ ಇರುತ್ತೆ. ಅವತ್ತೇ ನನಗಿದು ಗೊತ್ತಿತ್ತು, ಬೈಯೋ ಮುಂಚೆ ಒಂದು ನಿಮಿಷ ಯೋಚಿಸಿದ್ರೆ ಆಗ್ತಿತ್ತು. ಒತ್ತು, ಫೋಟೋ ಒತ್ತು.

ಒತ್ತಿದಳು, ಐದಾರು ಸಲ ಒತ್ತಿದಳು, ಫೋನು ಬಿಚ್ಚಿಕೊಂಡು ಸ್ಟೂಲು ಇಳಿದು, ಎರಡು ಬೆರಳಲ್ಲಿ ಚಿತ್ರ ಊದಿಸಿ, ಗುಂಡು ನಿಂಬೆಹಣ್ಣಿನಷ್ಟಾಗಿ ಎಳೆ ಅಲುಗುವ ಹಾಗೆ ಕಾಣುತ್ತಾ, ಅವರ ಕೈಗಿಟ್ಟಳು. ಕಂಡ್ತಾ. ಓ, ಸೊಗಸಾಗಿದೆ ಪಂಕಜಾ, ಎಳೆ ನೋಡು, ಕೂದಲೂ ದಪ್ಪ ಇದಕ್ಕಿಂತ, ತೊಂಬತ್ತೈದರಲ್ಲೂ ಹೀಗೇ ಇತ್ತು, ಸಖತ್ ತೆಗ್ದಿದೀಯಾ. ನಗುತ್ತಿದ್ದರು. ಫೋನನ್ನು ಮೂಗಿನ ನೇರಕ್ಕೆ ಹಿಡಿದು, ನೆಟ್ಟ ನೋಟದಲ್ಲಿ, ನೇರವಾಗಿ ಅದನ್ನೇ ನೋಡುತ್ತಾ ನಗುತ್ತಿದ್ದರು. ನೇರ. ದಾಳಿಂಬೆಯ ಕಡೆಗಲ್ಲ, ಗೋಡೆಯ ಕಡೆಗಲ್ಲ. ಓರೆಯಲ್ಲಿ ಹುಡುಕಿ ಹುಡುಕಿ ಸಿಗದೆ ಬಿಟ್ಟುಕೊಟ್ಟವರು ಹೀಗೆ ನೇರ ನೋಡ್ತಾರೆ, ಮೈತ್ರೇಯಿಯ ಸೀರೆ ಚೆನ್ನಾಗಿದೆ ಅನ್ನುವಾಗಲೂ ಹೀಗೇ, ಸುಳ್ಳು ಹೇಳೋಕೆ ಬರೋದಿಲ್ಲ ಈ ಮನುಷ್ಯನಿಗೆ, ಪಾಪ, ಎಳೆ ಅಷ್ಟು ತೆಳು, ಅಷ್ಟು ಸಣ್ಣದಕ್ಕೆ ಆ ಓರೆಗಣ್ಣು ಸಾಲದು, ಇನ್ನು ಎಂಬತ್ತೈದಕ್ಕೆ. ಹೌದು ರೀ, ಚೆನ್ನಾಗಿ ಬಂದಿದೆ, ಅಂದಳು. ಕೊಡಿ ಇಲ್ಲಿ, ಇನ್ನೊಂದು ತೆಗೀತೀನಿ. ಬಿಲ್ಡಿಂಗಿನ ಅಂಚಿಗೆ ಬಂದಿರಬೇಕಲ್ಲೇ, ಸಾಕು ಬಿಡು, ಮಂಜು ಬೀಳ್ತಿದೆ. ಅವಳು ಆಗಲೇ ಸ್ಟೂಲಿನ ಮೇಲೆ. ಬಲಕ್ಕೆ ಜಾರಿತ್ತು, ಕೈ ತಾನಾಗಿ ಎಡಕ್ಕೆ ತಳ್ಳಿತು, ಗುಂಡು ಪರದೆಯ ನಡುವಿಗೆ ಬಂದು ನಿಂತಿತು, ಎಳೆ ಸಮೇತ, ಎಷ್ಟು ಚಂದ, ಇರು ಮಹಾನುಭಾವ, ನೀನು ಆಮೇಲೆ. ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ನಿಪ್ಪಟ್ಟು, ಪೂರಿ, ದೋಸೆ, ಇನ್ನೂ, ಇನ್ನೂ, ಪರದೆಯ ಅಂಚು ಮುಟ್ಟುವಷ್ಟು. ನಡುವೆ ದೊಡ್ಡ ಕಪ್ಪು. ಒಂದು ಬೆರಳಿನಷ್ಟು ಪಕ್ಕಕ್ಕೆ, ಕೈ ಅಳುಕಿದ ಕಡೆ, ಅದು. ಒತ್ತಿದಳು. ಒಂದು ಗಳಿಗೆಯಲ್ಲಿ ದೋಸೆಯ ಅಂಚು ಕಟ್ ಆಯ್ತು, ಬಿಲ್ಡಿಂಗು, ಆಮೇಲೆ ಏನೂ ಇಲ್ಲ.

ಇದನ್ನ ನೋಡಿ. ಇದೇನೇ, ಅದೇನಾ. ಅಲ್ಲ, ನೋಡಿ. ಸೇತುರಾಮರು ಫೋನು ತಗೊಂಡರು, ಮೊದಲು ನೇರ ನೋಡಿದರು, ನಗು ತಯಾರು ಮಾಡಿಕೊಂಡರು, ಆಮೇಲೆ ಏನನ್ನಿಸಿತೋ ಮುಖವನ್ನು ಮೆಲ್ಲಗೆ ದಾಳಿಂಬೆ ಗಿಡದ ಕಡೆ ತಿರುಗಿಸಿದರು. ನಗು ನಿಂತಿತು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕುಕ್ಕರು ಕೂಗಿತು, ಎರಡು, ಮೂರು, ಗೌರೀಶಂಕರ ಹತ್ತಕ್ಕೆ ಬರೋದು, ತಿಂಡಿಗೆ ಏನು ಮಾಡಲಿ, ಹೊಸ ಲೇಪ ಹಾಕಿದರೆ ಎಲ್ಲಾ ಹೊಸದಾಗುತ್ತೆ, ಮಕ್ಕಳು ನೋಡ್ತಾರೆ, ನೋಡಲಿ — ಅವರ ಬಲಗೈ ಮೇಲೆದ್ದಿತು, ಗಾಳಿಯಲ್ಲಿ ಒಂದು ಸುತ್ತು ಹುಡುಕಿತು, ಉಂಗುರದ ಬೆರಳು ಇಳಿದು ಪರದೆಯ ಮೇಲೆ, ನಟ್ಟನಡುವೆ ಅಲ್ಲ, ಒಂದು ಬೆರಳಿನಷ್ಟು ಪಕ್ಕಕ್ಕೆ, ಬೊಟ್ಟಿನ ಮೇಲೇ ಕೂತಿತು. ಪರದೆ ಆರಿತು. ಪಂಕಜಾ ಬಗ್ಗಿ ಒತ್ತಿದಳು, ಬೆಳಕು ಬಂತು, ಬೆರಳು ಅಲ್ಲೇ ಇತ್ತು. ಮತ್ತೆ ಆರಿತು, ಮತ್ತೆ ಒತ್ತಿದಳು, ಬೊಟ್ಟು.