ನಕ್ಷೆಯಲ್ಲಿಲ್ಲದ ಕುಣಿಗಳು

“ಏ ಮಾಯಾ, ಹಲ್ಕಟ್ ರಂಡಿ! ಕೆಳಗ ನೋಡಿ ಜೊಂಡು ಹಚ್ಚು. ಮ್ಯಾಲ ಡ್ರೋನ್‌ದಾಗ ನಿನ್ನ ಗಂಡ ಕುಂತಾನೇನು?”

ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ಊರ ಗೌಡ, ಗುತ್ತೇದಾರ ಅಣವೀರಪ್ಪನ ಮಾತಿಗೆ ಜೆಸಿಬಿಯವನು ನಕ್ಕ. ವಿಧವೆ ಮಾಯಾ ಕೆರೆ ಅಳೆಯುತ್ತಿದ್ದ ಡ್ರೋನಿನಿಂದ ಕಣ್ಣು ತೆಗೆದು, ಬಗ್ಗಿ ಇನ್ನೊಂದು ಸಸಿಯ ಬೇರನ್ನು ಕೆಸರಿಗೆ ಒತ್ತಿದಳು.

ಕಮಲಾಪುರದ ಗಟಾರವೆಲ್ಲ ಬಂದು ಬೀಳುವ ಕೆರೆ. ಜೊಂಡಿನ ಬೇರು ಹೊಲಸು ಹೀರುತ್ತದೆಂದು ಕಲಬುರಗಿಯಿಂದ ಬಂದ ಇಂಜಿನಿಯರ್ ಹೇಳಿದ್ದ. ನೀರು ಎಷ್ಟು ತಿಳಿಯಾಯಿತೆಂದು ತೇಲುವ ಡಬ್ಬಿಯೊಂದು ಅವನ ಮೊಬೈಲಿಗೆ ತಿಳಿಸುತ್ತಿತ್ತು. ಸುಳ್ಳಲ್ಲ, ನಿಂತಲ್ಲಿ ಮಾಯಾಗೆ ತನ್ನ ಪಾದ ಕಾಣತೊಡಗಿತ್ತು.

ಹೋದ ಮಳೆಗಾಲದಲ್ಲಿ ಇದೇ ನೀರು ಕುಡಿದು ಅವಳ ಕೂಸು ಸುಜಾತಾಳಿಗೆ ವಾಂತಿಭೇದಿ ಹತ್ತಿತ್ತು. ಕಲಬುರಗಿಯ ದವಾಖಾನೆ ಮುಟ್ಟುವ ಮೊದಲೇ, ಟಂಟಂ ಆಟೋದಲ್ಲಿ, ತಾಯಿಯ ತೊಡೆಯ ಮೇಲೆ ತಣ್ಣಗಾಯಿತು.

ಊಟದ ಹೊತ್ತಿಗೆ ಜೆಸಿಬಿ ಕೆರೆಯಂಚಿನ ದಿಬ್ಬದ ಕಡೆ ತಿರುಗಿತು. ಮಾಯಾ ನೀರಿನಿಂದ ಓಡಿ ಬಂದಳು.

“ಸಾಹೇಬ್ರ, ಅಲ್ಲಿ ನಮ್ಮ ಕೇರಿ ಕೂಸುಗಳಿಗೆ ಮಣ್ಣು ಕೊಟ್ಟೀವ್ರಿ.”

ಜೆಸಿಬಿಯ ಪಕ್ಕದಲ್ಲಿದ್ದ ಇಂಜಿನಿಯರ್ ಫೋನ್ ತೋರಿಸಿದ. “ನಕ್ಷೆದಾಗ ಇಲ್ಲಮ್ಮ. ಸ್ಯಾಟಲೈಟ್ ಪ್ರಕಾರ ಇದು ಕೆರಿ ಜಾಗಾ. ಅಗದು ನೀರು ಬಿಡಬೇಕು.”

“ಸತ್ತ ಮ್ಯಾಲೂ ಒತ್ತುವರಿ ಮಾಡ್ತಾವ ಸೂಳೆಮಕ್ಕಳು,” ಅಂದ ಅಣವೀರಪ್ಪ.

“ಊರ ಮಸಣದಾಗ ನೀವು ಬಿಡಲಿಲ್ಲಲ್ರಿ, ಗೌಡ್ರ. ಇನ್ನೆಲ್ಲಿ ಒಯ್ಯೋದು?”

ಇಂಜಿನಿಯರನ ದನಿ ಮೆತ್ತಗಾಯಿತು. “ನಿನ್ನ ಮಗಳದು ಯಾವುದು ತೋರಿಸು. ಅದೊಂದು ತಗಸಿ ಬ್ಯಾರೆ ಕಡೆ ಇಡಸ್ತೀನಿ.”

ಮಾಯಾ ನೋಡಿದಳು. ಹುಲ್ಲು ಬೆಳೆದ ಪುಟ್ಟ ಪುಟ್ಟ ಗುಡ್ಡೆಗಳು, ಎಲ್ಲ ಒಂದೇ ಥರ. ಹೆತ್ತವಳು ಕುಣಿ ನೋಡಬಾರದೆಂಬುದು ಕೇರಿಯ ಪದ್ಧತಿ. ಅಂದು ಗಂಡ ಸಿದ್ರಾ ಒಬ್ಬನೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋಗಿದ್ದ. ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಯಾವ ಜಾಗವೆಂದು ಕೇಳುವ ಧೈರ್ಯ ಬರುವ ಮೊದಲೇ ಅವನೂ ಕೂಲಿಗೆ ಹೋಗಿದ್ದ ಪುಣೆಯಲ್ಲಿ ಕಟ್ಟಡದಿಂದ ಬಿದ್ದು ತೀರಿಹೋದ.

“ಹಡದಾಕಿಗೇ ಗೊತ್ತಿಲ್ಲ ನೋಡ್ರಿ!” ಅಣವೀರಪ್ಪ ನಕ್ಕ. “ನಡಸಲೇ ಗಾಡಿ.”

ಮಾಯಾ ಒಂದು ಗುಡ್ಡೆಯ ಮೇಲೆ ಕೈ ಇಟ್ಟಳು. ಅದನ್ನು ಬಿಟ್ಟು ಪಕ್ಕದ್ದರ ಮೇಲೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ ಮುಟ್ಟುತ್ತ ಹೋದಳು. ಕೈಗೆ ಏನೂ ತಿಳಿಯಲಿಲ್ಲ.

“ಎಲ್ಲಾ ನನ್ನವ್ರಿ,” ಅಂದಳು.

ಜೆಸಿಬಿಯ ಹಲ್ಲಿನ ಕೆಳಗೆ, ಮೊಲೆಯೂಡಿಸುವವಳಂತೆ ಒಂದು ಮಗ್ಗುಲಾಗಿ ಮಲಗಿದಳು.

“ಹುಚ್ಚಮುಂಡೆ, ಏಳ್ತೀಯೋ ಇಲ್ಲೋ!” ಅಣವೀರಪ್ಪ ಚೀರಿದ.

ಇಂಜಿನ್ ಆರಲಿಲ್ಲ. ನೀರಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈಯಲ್ಲಿದ್ದ ಸಸಿ ಬಿಟ್ಟು ದಿಬ್ಬ ಹತ್ತಿ ಬಂದರು. ತಮ್ಮ ಕೂಸಿನದು ಯಾವುದೆಂದು ಅವರಿಗೂ ಗೊತ್ತಿರಲಿಲ್ಲ.