ಸೆಲ್ಸೊನ ಹಿಂದಿನ ನಂಬರು

ವಾಲ್ದಮೋರದಲ್ಲಿ ಗಂಡುಮಗು ಹುಟ್ಟಿದರೆ ಅಪ್ಪನಾದವನು ಮೊದಲು ಓಡುತ್ತಿದ್ದುದು ಚರ್ಚಿಗಲ್ಲ, ಫುಟ್‌ಬಾಲ್ ಕ್ಲಬ್ಬಿಗೆ. ಮಗುವಿನ ಹೆಸರು ಬರೆಸಿ, ನಂಬರು ಹಾಕಿಸಿ, ಸದಸ್ಯರ ಕಾರ್ಡನ್ನು ಜೇಬಿಗಿಳಿಸಿದ ಮೇಲೆಯೇ ಬಾಣಂತಿಯ ಮುಖ ನೋಡಲು ಹೋಗುವುದು. ಕ್ಲಬ್ಬಾದರೂ ಎಂಥದ್ದು! ರಾಸಿಂಗ್ ವಾಲ್ದಮೋರ ಎಂದು ಹೆಸರು ಮಾತ್ರ ಭಾರಿ. ಎಪ್ಪತ್ತೈದು ವರ್ಷಗಳಲ್ಲಿ ಒಂದೇ ಒಂದು ಸಲ ಮೇಲಿನ ದರ್ಜೆಗೆ ಹತ್ತಿ, ಮರುವರ್ಷವೇ ಮುಗ್ಗರಿಸಿ ಕೆಳಗೆ ಬಿದ್ದ ತಂಡ. ಆಡುವವರೂ ಕಲ್ಲಿದ್ದಲು ಗಣಿಯವರು, ನೋಡುವವರೂ ಅವರೇ.

ನಂಬರಿನ ಪದ್ಧತಿ ಸರಳವಾದದ್ದು. ಸೇರಿದ ದಿನದ ಪ್ರಕಾರ ಸಾಲು. ಪ್ರತಿ ಆಗಸ್ಟಿನಲ್ಲಿ ಸತ್ತವರ ಹೆಸರು ಹೊಡೆದು, ಉಳಿದವರನ್ನು ಒಂದೊಂದು ಹೆಜ್ಜೆ ಮುಂದಕ್ಕೆ ತಳ್ಳುವುದು. ನಂಬರು ಚಿಕ್ಕದಾದಷ್ಟೂ ಮರ್ಯಾದೆ ದೊಡ್ಡದು. ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಗಣಿಯೊಳಗೆ ಅನಿಲ ಸಿಡಿದು ಒಂದೇ ಬೆಳಗ್ಗೆ ಹತ್ತೊಂಬತ್ತು ಸದಸ್ಯರು ಸತ್ತರು. ಆ ವರ್ಷದ ಕಾರ್ಡು ಕೈಗೆ ಬಂದಾಗ ಹತ್ತೊಂಬತ್ತು ಮೆಟ್ಟಿಲು ಒಟ್ಟಿಗೆ ಏರಿದವರು ಅದನ್ನು ಯಾರಿಗೂ ತೋರಿಸದೆ ಒಳಗಿಟ್ಟುಕೊಂಡರು. ಸೆನೆನ್ ಅವರಲ್ಲೊಬ್ಬ.

ಸೆನೆನ್ ಕ್ಲಬ್ಬಿನ ಕಾರ್ಯದರ್ಶಿ. ಮೂವತ್ತೊಂಬತ್ತು ವರ್ಷದಿಂದ ಅದೇ ಮರದ ಕಿಂಡಿಯ ಹಿಂದೆ ಕೂತು ಕಾರ್ಡು ಬರೆಯುತ್ತಿದ್ದ. ಅವನು ಹುಟ್ಟಿದ ವಾರದಲ್ಲೇ ಕ್ಲಬ್ಬೂ ಹುಟ್ಟಿತ್ತು. ಅಪ್ಪ ಮಾರ್ಸೆಲಿನೊ ಅವನಿಗೆ ಅರವತ್ತೆರಡನೇ ನಂಬರು ಬರೆಸಿದ್ದ. ಅರವತ್ತೊಂದು ಪಕ್ಕದ ಮನೆಯ ಸೆಲ್ಸೊನದು, ಆಗ ಮೂರು ವರ್ಷದ ಹುಡುಗ. ಅಂದಿನಿಂದ ಇಬ್ಬರೂ ಹಿಂದೆ ಮುಂದೆ ನಿಂತೇ ಇದ್ದರು. ಸೆಲ್ಸೊ ನಲವತ್ತನೇ ನಂಬರಾದಾಗ ಸೆನೆನ್ ನಲವತ್ತೊಂದು, ಸೆಲ್ಸೊ ಹತ್ತಾದಾಗ ಸೆನೆನ್ ಹನ್ನೊಂದು. ಈ ವಸಂತದಲ್ಲಿ ಒಂದನೇ ನಂಬರಿನ ಮುದುಕ ಲೌದೆಲಿನೊ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಸೆಲ್ಸೊ ಒಂದು, ಸೆನೆನ್ ಎರಡು.

ತೊಂದರೆ ಒಂದೇ. ಸೆಲ್ಸೊನನ್ನು ಅರವತ್ತು ವರ್ಷದಿಂದ ಯಾರೂ ಕಂಡಿರಲಿಲ್ಲ.

ಮೂವತ್ತೇಳರ ಅಕ್ಟೋಬರಿನಲ್ಲಿ ಅಂತರ್ಯುದ್ಧ ಗೆದ್ದ ಕಡೆಯವರು ಕಣಿವೆಗೆ ಇಳಿದಾಗ ಅವನಿಗೆ ಹದಿನೆಂಟು. ತಂಡದ ಗೋಲ್‌ಕೀಪರ್, ಊರಿನವರ ಬಾಯಲ್ಲಿ ಗೋಲಿ. ಸಿಪಾಯಿಗಳು ಹಿಡಿದುಕೊಂಡು ಹೋದರು, ಅಷ್ಟೇ. ಮೂರು ವರ್ಷದ ನಂತರ ಕ್ಲಬ್ಬು ಮತ್ತೆ ಬಾಗಿಲು ತೆರೆದಾಗ ಅಧ್ಯಕ್ಷನಾಗಿ ಕೂತವನು ಮಾರ್ಸೆಲಿನೊ. ಗುಂಡೇಟಿಗೆ ಬಿದ್ದವರು, ಜೈಲಿಗೆ ಹೋದವರು, ಎಲ್ಲರ ಹೆಸರನ್ನೂ ಕೆಂಪು ಗೆರೆ ಎಳೆದು ತೆಗೆದ. ಆಗ ಸೆಲ್ಸೊನ ಅಕ್ಕ ಎತೆಲ್ವಿನ ಕಿಂಡಿಯ ಮುಂದೆ ಬಂದು ನಿಂತು, "ನನ್ನ ತಮ್ಮ ಊರಲ್ಲಿಲ್ಲ. ಬರ್ತಾನೆ. ಅವನ ಕಾರ್ಡು ಕೊಡಿ" ಅಂದಳು. ಊರಲ್ಲಿಲ್ಲದವನು ಸತ್ತಿದ್ದಾನೆ ಎಂದು ಮನೆಯವರು ಚೀಟಿ ಬರೆದುಕೊಡದೆ ಅವನ ಹೆಸರನ್ನು ಹೊಡೆಯುವಂತಿಲ್ಲ ಎಂಬುದು ನಿಯಮ. ಇಲ್ಲವಮ್ಮ, ಸತ್ತಿದ್ದಾನೆ ಎಂದು ಮಾರ್ಸೆಲಿನೊ ಹೇಳಬಹುದಿತ್ತು. ಹೇಳಿದ್ದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಅವನು ತುಟಿ ಬಿಗಿದು ಕಾರ್ಡು ಬರೆದುಕೊಟ್ಟ. ಅಪ್ಪನ ನಂತರ ಮಗನೂ ಬರೆದುಕೊಟ್ಟ. ಪ್ರತಿ ಆಗಸ್ಟಿನ ಮೊದಲ ಸೋಮವಾರ ಎತೆಲ್ವಿನ ಬರುವಳು.

"ಏನಕ್ಕ, ಏನಾದ್ರೂ ಸುದ್ದಿ?"

"ಇಲ್ಲ. ಕಾರ್ಡು ಕೊಡು."

ಸೆನೆನ್ ಆ ಒಂದು ಕಾರ್ಡನ್ನು ಮಾತ್ರ ಅಕ್ಷರ ಗುಂಡಗೆ ಮಾಡಿ ಬರೆಯುತ್ತಿದ್ದ. ಪಾಪ, ಮುದುಕಿ ಆಸೆ ಇಟ್ಟುಕೊಂಡಿದ್ದಾಳೆ, ಇದ್ದುಕೊಳ್ಳಲಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಅದನ್ನು ಒಳ್ಳೆಯತನ ಎಂದು ತಿಳಿದಿದ್ದ. ಸೆಲ್ಸೊ ಕುಯೆರ್ವ ಗಣಿಬಾವಿಯ ತಳದಲ್ಲಿದ್ದಾನೆ ಎಂದು ಗೊತ್ತಿದ್ದೂ ಹಾಗೆ ತಿಳಿಯಲು ಮನುಷ್ಯನಿಗೆ ಮಾತ್ರ ಸಾಧ್ಯ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಎಪ್ಪತ್ತೈದನೇ ಹಬ್ಬ. ಈಗಿನ ಅಧ್ಯಕ್ಷ ಅಮಾರೊ ಟೈರ್ ಅಂಗಡಿಯವನು, ನಲವತ್ತರ ಆಸುಪಾಸು, ಬಾಯಿ ಸುಮ್ಮನಿರದ ಜಾತಿ. ಕಚೇರಿಗೆ ಬಂದು ಮೇಜಿನ ಮೇಲೆಯೇ ಕುಂಡಿ ಊರಿದ.

"ತಾತ, ಚಿನ್ನದ ಬಿಲ್ಲೆ ಬಂದಿದೆ. ಒಂದನೇ ನಂಬರಿನವರಿಗೆ, ಮೈದಾನದ ಮಧ್ಯ, ಪೇಪರ್‌ನವರ ಮುಂದೆ. ಈಗ ಹೇಳು, ನಿನ್ನ ಒಂದನೇ ನಂಬರು ಎಲ್ಲಿದಾನೆ?"

"ಎತೆಲ್ವಿನಕ್ಕನ ಕೇಳ್ಬೇಕು."

"ನೀನೇ ಕೇಳು. ಎಪ್ಪತ್ತೆಂಟು ವರ್ಷದ ಗೋಲಿ ಎಲ್ಲಿಂದ ಇಳೀತಾನೆ, ವಿಮಾನದಿಂದಾನಾ? ಕಾರ್ಡು ವಾಪಸ್ ಇಸ್ಕೊ, ಚೀಟಿ ಬರೆಸ್ಕೊ. ಬಿಲ್ಲೆ ನಿಂಗೇ ಬರುತ್ತೆ, ಮುಖ ಯಾಕೆ ಹಾಗ್ ಮಾಡ್ತೀಯ? ಅಪ್ಪನ ಹೆಸರಿನ ಗ್ಯಾಲರಿ ಮುಂದೆ ಮಗನಿಗೆ ಬಿಲ್ಲೆ. ಫೋಟೊ ಎಷ್ಟು ಚೆನ್ನಾಗಿ ಬರುತ್ತೆ!"

ಕಿಟಕಿಯಾಚೆ, ಮೈದಾನದ ಗ್ಯಾಲರಿಯ ನೆತ್ತಿಯ ಮೇಲೆ ಮಾರ್ಸೆಲಿನೊನ ಹೆಸರು ಗೇಣುದ್ದದ ನೀಲಿ ಅಕ್ಷರದಲ್ಲಿತ್ತು. ಸೆನೆನ್ ಅತ್ತ ನೋಡಲಿಲ್ಲ. ಕಾರ್ಡು ಹಿಂದಕ್ಕೆ ಕೊಡು ಎಂದು ಆ ಹೆಂಗಸಿಗೆ ಹೇಳಬೇಕಾದರೆ ಕಾರಣ ಹೇಳಬೇಕು. ಹೇಳದೆ ಬಿಲ್ಲೆ ಹಾಕಿಸಿಕೊಂಡರೆ ಸೆಲ್ಸೊನನ್ನು ಎರಡನೇ ಸಲ ತಳ್ಳಿದಂತೆ. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೇ ದಿನ ಮಧ್ಯಾಹ್ನ ಖಾಲಿ ಚೀಟಿ ಜೇಬಿನಲ್ಲಿಟ್ಟುಕೊಂಡು ಅವಳ ಮನೆಗೆ ಹೋದ.

ಎತೆಲ್ವಿನಳಿಗೆ ಎಂಬತ್ತು. ಅಡುಗೆಮನೆಯ ಮೇಜಿನ ಮುಂದೆ ಕೂತು ದಪ್ಪ ಬಿಳಿ ಬೀನ್ಸ್ ಸುಲಿಯುತ್ತಿದ್ದಳು. ಕೂತುಕೋ ಎನ್ನಲಿಲ್ಲ.

"ಕಾರ್ಡಿಗೆ ಬಂದ್ಯಾ?"

"ಅಕ್ಕಾ, ಒಂದು ಮಾತು ಹೇಳ್ಬೇಕು. ಸೆಲ್ಸೊ ಬರಲ್ಲ." ಅವನು ನಿಂತುಕೊಂಡೇ ಹೇಳಿದ. "ಮೂವತ್ತೇಳರಲ್ಲೇ ಮುಗೀತು. ಕುಯೆರ್ವ ಬಾವಿಗೆ ತಳ್ಳಿದ್ರು. ನಮ್ಮಪ್ಪನೇ ಸಿಪಾಯಿಗಳ ಮುಂದೆ ನಡ್ಕೊಂಡು ಹೋಗಿ ಅವನಿದ್ದ ಜಾಗ ತೋರಿಸಿದ್ದು."

ಅವಳ ಬೆರಳು ನಿಲ್ಲಲಿಲ್ಲ. ಒಂದು ಕಾಯಿ ಬಿಡಿಸಿದಳು, ಇನ್ನೊಂದನ್ನು ತೆಗೆದುಕೊಂಡಳು.

"ಗೊತ್ತು."

"ಗೊತ್ತಾ?"

"ಬಾವಿಗೆ ಹಾಕಿದ್ದು ಮೂರನೇ ದಿನವೇ ಗೊತ್ತಾಯ್ತು. ನಿಮ್ಮಪ್ಪ ಮುಂದೆ ನಡೆದಿದ್ದನ್ನ ಬೀದಿಗೆ ಬೀದೀನೇ ಕಿಟಕಿ ಸಂದೀಲಿ ನೋಡ್ತು. ಒಬ್ರಾದ್ರೂ ಬಾಯಿ ಬಿಟ್ರಾ? ಬಿಡ್ಲಿಲ್ಲ. ನಿನ್ನ ವಿಷ್ಯ ನಿನ್ನ ಕಾಲೇ ಹೇಳ್ತು ಬಿಡು."

"ನನ್ನ ಕಾಲಾ?"

"ನಿಮ್ಮನೆಯಿಂದ ಮೈದಾನಕ್ಕೆ ಕುಯೆರ್ವ ದಾರೀಲಿ ಹನ್ನೆರಡು ನಿಮಿಷ. ನೀನು ಸೇತುವೆ ಸುತ್ಕೊಂಡು ಮುಕ್ಕಾಲು ಗಂಟೆ ನಡೀತೀಯ. ಮಳೇಲಿ, ಹಿಮದಲ್ಲಿ, ಮಂಡಿ ನೋವಿಟ್ಕೊಂಡು. ಅರವತ್ತು ವರ್ಷ! ಒಂದು ದಿನ ನೀನು ಆ ದಾರಿ ತುಳಿದಿದ್ರೆ, ಪ್ರತಿ ನವೆಂಬರ್‌ನಲ್ಲಿ ಬಾವಿ ಬಾಯಲ್ಲಿ ಯಾರು ಸೇವಂತಿಗೆ ಇಡ್ತಾರೆ ಅಂತ ನಿಂಗೂ ಗೊತ್ತಾಗ್ತಿತ್ತು."

ಸೆನೆನ್ ಕುರ್ಚಿಯನ್ನು ತಾನೇ ಎಳೆದುಕೊಂಡು ಕುಸಿದ. "ಮತ್ತೆ ಈ ಕಾರ್ಡು? ಅವನು ಬರ್ತಾನೆ ಅಂತ..."

"ಪಾಪ ಹುಚ್ಚಿ, ತಮ್ಮನಿಗೆ ಕಾಯ್ತಾಳೆ ಅಂತ ಕನಿಕರ ಪಟ್ಟೆ, ಅಲ್ವಾ? ಅಕ್ಷರ ಬೇರೆ ಮುದ್ದಾಗಿ ಬರೀತಿದ್ದೆ." ಅವಳು ಮೊದಲ ಸಲ ತಲೆ ಎತ್ತಿದಳು. "ನಾನು ಅವನಿಗೆ ಕಾಯ್ತಿರ್ಲಿಲ್ಲ ಕಣೋ. ನಿಮಗೆ ಕಾಯ್ತಿದ್ದೆ. ಮೊದಲು ನಿಮ್ಮಪ್ಪನಿಗೆ ಕಾದೆ, ಆ ಮುಂಡೇದು ಹೇಳದೇನೇ ಸತ್ತ. ಆಮೇಲೆ ನಿನಗೆ ಕಾದೆ. ಅಲ್ಲೀವರೆಗೂ ನನ್ನ ತಮ್ಮ ನಿನ್ನ ಮುಂದೆ ನಿಂತಿರ್ಲಿ, ಪ್ರತಿ ವರ್ಷ ನಿನ್ನ ಕೈಯೇ ಅವನ ಹೆಸರು ಬರೀಲಿ ಅಂತ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಎದ್ದು ಉರಿ ತಗ್ಗಿಸಿ ಬಂದು ಕೂತಳು.

"ಈಗ ಅರ್ಧ ಹೇಳಿದೆ. ಮೈದಾನಕ್ಕೆ ಗೆರೆ ಎಳೆಯೋ ಸುಣ್ಣದ ಶೆಡ್ಡಲ್ಲಿ ಅವನು ಅಡಗಿದಾನೆ ಅಂತ ಗೊತ್ತಿದ್ದಿದ್ದು ನಾಲ್ಕೇ ಜನಕ್ಕೆ. ಅವನು, ನಮ್ಮವ್ವ, ನಾನು. ನಾಲ್ಕನೇದು ಯಾರು?"

ಈ ಒಂದು ಮಾತನ್ನು ಸೆನೆನ್ ಹೆಂಡತಿಗೆ ಹೇಳಿರಲಿಲ್ಲ, ಪಾದ್ರಿಗೆ ಹೇಳಿರಲಿಲ್ಲ, ಕನ್ನಡಿಯ ಮುಂದೆ ನಿಂತು ತನಗೂ ಹೇಳಿಕೊಂಡಿರಲಿಲ್ಲ. ಅಪ್ಪನನ್ನು ಮುಂದಿಟ್ಟುಕೊಂಡು ಅವನ ಹಿಂದೆ ಬದುಕು ಸಾಗಿಸಿದ್ದ.

"ನಾನು," ಅಂದ. "ಸುಣ್ಣ ತರೋಕೆ ಹೋದಾಗ ಅವನನ್ನ ಕಂಡಿದ್ದೆ. ಊಟಕ್ಕೆ ಕೂತಿದ್ವಿ. ಅಪ್ಪ ಅಂದ, ಸೆಲ್ಸೊ ಬೆಟ್ಟ ದಾಟಿರ್ತಾನೆ, ಗಂಡು ಅಂದ್ರೆ ಅವನು ಅಂತ. ಯಾವಾಗ್ಲೂ ಅವನನ್ನೇ ಹೊಗಳೋನು. ನಾನು ಅವನ ಬದಲಿ ಗೋಲಿ, ಒಂದಿನಾನೂ ಆಡಿಸಿರ್ಲಿಲ್ಲ. ಹೊಟ್ಟೆ ಉರೀತು ಅಕ್ಕ. ಎಲ್ಲಿ ಗಂಡು, ಸುಣ್ಣದ ಶೆಡ್ಡಲ್ಲಿ ಇಲಿ ಥರ ಮುದುರಿಕೊಂಡಿದಾನೆ, ಹೋಗಿ ನೋಡು ಅಂದೆ. ಅಷ್ಟೇ ಅಂದಿದ್ದು. ಸಿಪಾಯಿಗಳು ಹಿಡಿಯೋರ ಪಟ್ಟೀಲಿ ಅಪ್ಪನ ಹೆಸರೂ ಇದೆ, ತಾನು ಉಳ್ಕೊಳ್ಳೋಕೆ ಅವನನ್ನ ಹಿಡ್ಕೊಡ್ತಾನೆ ಅಂತ ನಂಗೆ ಗೊತ್ತಿರ್ಲಿಲ್ಲ. ಹದಿನೈದು ವರ್ಷ ನಂಗೆ."

"ಅವನಿಗೆ ಹದಿನೆಂಟು."

ಹೊರಗೆ ಯಾರೋ ಬೀದಿಯಲ್ಲಿ ಗಾಡಿ ನಿಲ್ಲಿಸಿ ಬ್ರೆಡ್ಡು ಕೂಗುತ್ತಿದ್ದರು. ಎತೆಲ್ವಿನ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ, ಗೂಡಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಕಾರ್ಡುಗಳು, ವರ್ಷಕ್ಕೊಂದು. ಮೇಲಿನದನ್ನು ತೆಗೆದು ಅವನ ಮುಂದಿಟ್ಟಳು.

"ತಗೊ. ಚೀಟಿ ತಂದಿದೀಯಲ್ಲ, ಬರಿ. ಹೆಸರು, ದಿನ, ಜಾಗ. ಹೇಗೆ ಸತ್ತ ಅನ್ನೋ ಸಾಲಲ್ಲಿ ಪೂರ್ತಿ ಬರಿ. ಸಹಿ ನಾನು ಹಾಕ್ತೀನಿ. ಸತ್ತ ಸದಸ್ಯನಿಗೆ ಕ್ಲಬ್ಬು ಒಂದು ನಿಮಿಷ ಎದ್ದು ನಿಲ್ಬೇಕು, ಅದು ಅವನಿಗೆ ಬರಬೇಕಾದ್ದು. ಭಾನುವಾರ ಮೈಕಲ್ಲಿ ಓದು. ಯಾವಾಗ್ಲೂ ನೀನೇ ತಾನೆ ಓದೋದು?"

"ಓದ್ತೀನಿ."

"ಆಮೇಲೆ ಬಿಲ್ಲೆಗೆ ಕರೀತಾರೆ. ಬೇಡ ಅಂತ ದೊಡ್ಡ ಮನುಷ್ಯ ಆಗ್ಬೇಡ. ಮೈದಾನದ ಮಧ್ಯಕ್ಕೆ ನಡ್ಕೊಂಡು ಹೋಗು. ನನ್ನ ತಮ್ಮನೂ ಅಷ್ಟು ಕಿಟಕಿ ನೋಡ್ತಿರೋವಾಗ ನಡ್ಕೊಂಡೇ ಹೋದ."

ಸೆನೆನ್ ಬರೆದ. ಅಕ್ಷರ ಸೊಟ್ಟಗಾಯಿತು. ಏಳುವಾಗ ತಡೆಯಲಾರದೆ ಕೇಳಿಯೇಬಿಟ್ಟ: "ನನ್ನ ಕ್ಷಮಿಸ್ತೀಯಾ ಅಕ್ಕ?"

"ಇಲ್ಲ," ಎಂದು ಅವಳು ಬೀನ್ಸ್ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು. "ಬಾಗಿಲು ಹಾಕ್ಕೊಂಡು ಹೋಗು, ಗಾಳಿ ಬರುತ್ತೆ."

ಭಾನುವಾರ ತುಂತುರು ಮಳೆ. ಆದರೂ ಇಡೀ ಕಣಿವೆಯೇ ಬಂದಿತ್ತು. ಬ್ಯಾಂಡಿನವರು, ಹಳೆಯ ಆಟಗಾರರು, ಸೇಬಿನ ಹೆಂಡದ ಬಾಟಲಿ ಬಗಲಲ್ಲಿಟ್ಟುಕೊಂಡ ಮುದುಕರು. ಎತೆಲ್ವಿನ ಎಂದಿನಂತೆ ಮಾರ್ಸೆಲಿನೊ ಗ್ಯಾಲರಿಯ ಎದುರಿನ ಬೆಂಚಿನಲ್ಲಿ, ಕರಿ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕೂತಿದ್ದಳು. ಸೆನೆನ್‌ನ ಮಗಳು ನಿಯೆವೆಸ್ ಅಜ್ಜನ ಹೆಸರಿನ ಕೆಳಗೆ ಮೊದಲ ಸಾಲಿನಲ್ಲಿ, ಅಪ್ಪನ ಬಿಲ್ಲೆ ನೋಡಲು ಹೊಸ ಸ್ಕಾರ್ಫ್ ಸುತ್ತಿಕೊಂಡು ಬಂದಿದ್ದಳು.

ತಂಡಗಳು ಮಧ್ಯದ ವೃತ್ತದ ಸುತ್ತ ನಿಂತವು. ಸೆನೆನ್ ಮೈಕು ಹಿಡಿದ.

"ಸೆಲ್ಸೊ ಯಾನೆಸ್. ಸದಸ್ಯ ನಂಬರು ಒಂದು. ಗೋಲಿ. ಸತ್ತದ್ದು ಸಾವಿರದ ಒಂಬೈನೂರ ಮೂವತ್ತೇಳು, ಅಕ್ಟೋಬರ್ ಇಪ್ಪತ್ತೊಂಬತ್ತು. ಕುಯೆರ್ವ ಬಾವಿ."

ಟೋಪಿಗಳು ಕೆಳಗಿಳಿದವು. ಇನ್ನು ಹೇಗೆ ಸತ್ತ ಎಂಬ ಸಾಲು. ವಾಲ್ದಮೋರದಲ್ಲಿ ಆ ಸಾಲಿಗೆ ಎರಡೇ ಮಾತು: ಎದೆ, ಇಲ್ಲವೇ ಗಣಿ. ಧೂಳು ತುಂಬಿ ಸತ್ತವರಿಗೆ ಎದೆ, ಒಳಗೇ ಉಳಿದವರಿಗೆ ಗಣಿ. ಗಣಿ ಎಂದುಬಿಟ್ಟಿದ್ದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಸೆನೆನ್‌ನ ಬಾಯಿಯವರೆಗೂ ಅದು ಬಂತು. ಎದುರಿನ ಬೆಂಚಿನ ಕರಿ ಕೋಟನ್ನು ನೋಡಿದ. ಅವಳು ಅಲುಗಾಡಲಿಲ್ಲ.

"ಸಿಪಾಯಿಗಳು ಜೀವಂತ ತಳ್ಳಿದ್ರು," ಎಂದು ಓದಿದ. "ಅಡಗಿದ್ದ ಜಾಗ ತೋರಿಸಿದವನು ಮಾರ್ಸೆಲಿನೊ, ನನ್ನ ತಂದೆ. ತಂದೆಗೆ ಹೇಳಿದವನು ನಾನು, ಸೆನೆನ್. ಹೊಟ್ಟೆಕಿಚ್ಚಿಗೆ ಹೇಳಿದೆ."

ಏನು ಮಾಡಬೇಕೆಂದು ತೋಚದೆ ರೆಫರಿ ಸೀಟಿ ಊದಿದ. ನಿಮಿಷ ಶುರುವಾಯಿತು. ಸಾಮಾನ್ಯವಾಗಿ ಅರ್ಧ ನಿಮಿಷಕ್ಕೇ ಜನ ತಾಳ್ಮೆಗೆಟ್ಟು ಚಪ್ಪಾಳೆ ತಟ್ಟಿ ಸತ್ತವನನ್ನು ಕಳಿಸಿಕೊಡುತ್ತಾರೆ. ಅಂದು ಒಂದು ಕೈಯೂ ಏಳಲಿಲ್ಲ. ತಗಡಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. ಅಲ್ಲಿ ನಿಂತಿದ್ದ ಮುದುಕರಲ್ಲಿ ಬಹಳಷ್ಟು ಮಂದಿ ನೆಲ ನೋಡುತ್ತಿದ್ದರು. ಅವರೂ ಆ ದಿನ ಕಿಟಕಿಯ ಹಿಂದಿದ್ದವರೇ.

ನಿಮಿಷ ಮುಗಿಯಿತು. ಅಮಾರೊ ಮಧ್ಯದ ವೃತ್ತದಲ್ಲಿ ಬಿಲ್ಲೆಯ ಡಬ್ಬಿ ಹಿಡಿದು ನಿಂತಿದ್ದ. ಯಾರೂ ಕರೆಯಲಿಲ್ಲ. ಸೆನೆನ್ ತಾನಾಗಿಯೇ ಗೆರೆ ದಾಟಿದ. ಒದ್ದೆ ಹುಲ್ಲಿನಲ್ಲಿ ಮಂಡಿ ನೋಯುತ್ತಿತ್ತು. ಅಷ್ಟು ದೊಡ್ಡ ಮೈದಾನ ಅದು ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಮಾರೊ ಅವನ ಮುಖ ನೋಡದೆ ಬಿಲ್ಲೆ ಚುಚ್ಚಿದ. ಸೂಜಿ ಕೋಟು ದಾಟಿ ಎದೆಗೆ ನಾಟಿದರೂ ಸೆನೆನ್ ಉಸಿರೆತ್ತಲಿಲ್ಲ. ತಿರುಗಿ ಬರುವಾಗ ನಿಯೆವೆಸ್ ಕೂತಿದ್ದ ಜಾಗ ಖಾಲಿಯಾಗಿತ್ತು. ಎತೆಲ್ವಿನ ಮಾತ್ರ ಆಟ ಮುಗಿಯುವ ತನಕ ಕೂತು ನೋಡಿದಳು. ರಾಸಿಂಗ್ ಎರಡು ಗೋಲಿನಿಂದ ಸೋತಿತು.

ಸೋಮವಾರ ಬೆಳಗ್ಗೆ ಸೆನೆನ್ ಕುಯೆರ್ವ ದಾರಿ ಹಿಡಿದ. ಬಾವಿಯ ಬಾಯಿಗೆ ಮುಚ್ಚಿದ ಸಿಮೆಂಟಿನ ಮೇಲೆ ಟೊಮೇಟೊ ಡಬ್ಬಿಯಲ್ಲಿ ಒಣಗಿದ ಸೇವಂತಿಗೆ ಕಡ್ಡಿಗಳಿದ್ದವು. ನಿಲ್ಲುವ ಧೈರ್ಯ ಬರಲಿಲ್ಲ, ಓಡುವ ಶಕ್ತಿಯೂ ಇರಲಿಲ್ಲ, ನಡೆದ. ಹನ್ನೆರಡೇ ನಿಮಿಷ. ಗ್ಯಾಲರಿಯ ನೀಲಿ ಅಕ್ಷರಗಳ ಮೇಲೆ ಆಗಲೇ ಯಾರೋ ಸುಣ್ಣ ಎರಚಿದ್ದರು.

ಕಚೇರಿಯಲ್ಲಿ ದೀಪ ಹಾಕಿ, ಸದಸ್ಯರ ಪುಸ್ತಕ ತೆರೆದು, ಸೆಲ್ಸೊನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಅದರ ಕೆಳಗಿನ ಹೆಸರಿನ ಪಕ್ಕದಲ್ಲಿದ್ದ ಎರಡನ್ನು ಹೊಡೆದು ಒಂದು ಎಂದು ಬರೆದ. ಬಿಟ್ಟಕಣ್ಣು ಮುಚ್ಚದೆ ಆ ಪುಟವನ್ನೇ ನೋಡುತ್ತ ಕೂತ. ಹುಟ್ಟಿದಂದಿನಿಂದ ಅವನ ಮುಂದೆ ಸೆಲ್ಸೊ ನಿಂತಿದ್ದ. ಈಗ ಅವನ ಮುಂದೆ ಯಾರೂ ಇರಲಿಲ್ಲ.